ಟ್ರೈಲರ್‌ ಮೂಕಿಗೆ ಕರೆಂಟ್ ಜಾಕ್: ಯಾವುದು ಕೊಳ್ಳಬೇಕು, ಹೇಗೆ ಕೂರಿಸಬೇಕು

ಊರಲ್ಲಿ ಎತ್ತಿನ ಗಾಡಿ ನೋಡಿದವರಿಗೆ ಈ ವಿಷಯ ಅರ್ಧ ಆಗಲೇ ಗೊತ್ತು. ಎತ್ತು ಬಿಚ್ಚಿದ ಮೇಲೆ ಗಾಡಿಯ ಮೂಕಿ ನೆಲಕ್ಕೆ ಕುಸಿಯದಿರಲಿ ಅಂತ ಅದಕ್ಕೊಂದು ಕವೆಗೋಲು ಆನಿಸುತ್ತಿದ್ದರು, ಅಲ್ವಾ? ಇಲ್ಲಿ ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗುವ, ಚಕ್ರದ ಮೇಲಿನ ಪುಟ್ಟ ಮನೆಯಂಥ ಟ್ರಾವೆಲ್ ಟ್ರೈಲರ್‌ಗೂ ಮುಂದೆ ಅಂಥದ್ದೇ ಒಂದು ಮೂಕಿ ಇರುತ್ತದೆ. ಇಲ್ಲಿಯವರು ಅದನ್ನು ಟಂಗ್ ಅಂತಾರೆ, ಅಂದರೆ ನಾಲಿಗೆ. ಆ ನಾಲಿಗೆಗೆ ಕೊಟ್ಟ ಕವೆಗೋಲೇ ಟಂಗ್ ಜಾಕ್. ಕವೆಗೋಲು ಸುಮ್ನೆ ನಿಂತಿದ್ದರೆ ಸಾಕಿತ್ತು, ಈ ಜಾಕ್ ಮಾತ್ರ ನಿಲ್ಲುವುದರ ಜೊತೆಗೆ ಮೂಕಿಯನ್ನು ಎತ್ತಬೇಕು, ಇಳಿಸಬೇಕು, ಟ್ರಕ್ಕಿನ ಹಿಚ್ ಬಾಲಿನ ಮೇಲೆ, ಅಂದರೆ ಟ್ರಕ್ಕಿನ ಹಿಂದೆ ಟ್ರೈಲರ್ ಕಟ್ಟುವ ಲೋಹದ ಗುಂಡಿನ ಮೇಲೆ, ಸರಿಯಾಗಿ ತಂದು ಕೂರಿಸಬೇಕು.

ಬಹಳಷ್ಟು ಟ್ರೈಲರ್‌ಗಳಿಗೆ, ಅದರಲ್ಲೂ ಹಳೆಯವಕ್ಕೆ ಮತ್ತು ಕಡಿಮೆ ಬೆಲೆಯವಕ್ಕೆ, ಕೈಯಲ್ಲಿ ತಿರುಗಿಸುವ ಜಾಕ್ ಇರುತ್ತದೆ. ಮೊದಲ ಎರಡು ಟ್ರಿಪ್ ಅದು ವ್ಯಾಯಾಮ ಅನ್ನಿಸುತ್ತದೆ. ಮೂರನೆಯದಕ್ಕೆ, ನಾಲ್ಕು ಗಂಟೆ ಡ್ರೈವ್ ಮಾಡಿ ಮಿಷಿಗನ್ನಿನ ಸೊಳ್ಳೆಗಳ ನಡುವೆ, ಮಳೆಯಲ್ಲಿ, ಟ್ರಕ್ಕಿನೊಳಗಿಂದ ಹೆಂಡತಿ "ಇನ್ನೂ ಆಗ್ಲಿಲ್ವಾ?" ಅಂತ ಕೇಳುತ್ತಿರುವಾಗ ಹ್ಯಾಂಡಲ್ ತಿರುಗಿಸಿದರೆ, ಆವತ್ತೇ ರಾತ್ರಿ ಫೋನಿನಲ್ಲಿ ಕರೆಂಟ್ ಜಾಕ್ ಹುಡುಕಲು ಕೂರುತ್ತೀರಿ. ನಾನು ಹಾಗೇ ಕೂತವನು. ಹುಡುಕಿದರೆ ಎಲ್ಲದರ ಮೇಲೂ ದೊಡ್ಡ ಅಕ್ಷರದಲ್ಲಿ ಒಂದೊಂದು ಅಂಕೆ: 2000 ಪೌಂಡ್, 3500 ಪೌಂಡ್, 5000 ಪೌಂಡ್. ನಮ್ಮದಕ್ಕೆ ಯಾವುದು ಬೇಕು ಅಂತ ತಿಳಿಯಬೇಕಾದರೆ ಮೊದಲು ಜಾಕ್ ನಿಜವಾಗಿ ಎತ್ತುವುದು ಏನನ್ನು ಅಂತ ತಿಳಿಯಬೇಕು.

ಇಡೀ ಟ್ರೈಲರನ್ನು ಅದು ಎತ್ತುವುದಿಲ್ಲ. ಭಾರದ ಹೆಚ್ಚಿನ ಪಾಲು ಟ್ರೈಲರಿನ ಚಕ್ರಗಳ ಮೇಲೆಯೇ ಇರುತ್ತದೆ. ಮೂಕಿಯ ತುದಿಗೆ ಬರುವುದು ಒಂದು ಪಾಲು ಮಾತ್ರ. ಗಾಡಿಗೆ ಹೇರು ಹಾಕುವವರು ಮುಂಭಾರ, ಹಿಂಭಾರ ಅನ್ನುತ್ತಿದ್ದರಲ್ಲ, ಅದೇ ಮುಂಭಾರ. ಹಿಂಭಾರ ಜಾಸ್ತಿಯಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿಗೆ ಕುತ್ತು. ಟ್ರೈಲರಿನಲ್ಲಿ ಅದೇ ತಪ್ಪಾದರೆ ಹೈವೇಯಲ್ಲಿ ಹಿಂಭಾಗ ಬಾಲದ ಹಾಗೆ ಅತ್ತಿತ್ತ ಆಡಲು ಶುರುಮಾಡುತ್ತದೆ. ಅದು ಟ್ರಕ್ಕನ್ನೇ ಮಗುಚಬಲ್ಲದು. ಅದಕ್ಕೇ ಟ್ರೈಲರಿನ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಮುಂದೆ ಬರುವ ಹಾಗೆ ಸಾಮಾನು ತುಂಬಬೇಕು ಅನ್ನುವುದು ನಿಯಮ. 6000 ಪೌಂಡಿನ ಟ್ರೈಲರ್ ಅಂದರೆ ಮುಂಭಾರ 600ರಿಂದ 900 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 270ರಿಂದ 410 ಕೆಜಿ.

ಕಂಪನಿಯ ಕಾಗದದಲ್ಲಿ ಬರೆದ ಮುಂಭಾರವನ್ನು ನಂಬಬೇಡಿ. ಅದು ಖಾಲಿ ಟ್ರೈಲರಿನದು. ಹಲವು ಕಂಪನಿಗಳ ಲೆಕ್ಕದಲ್ಲಿ ಮುಂದೆ ಕೂರುವ ಬ್ಯಾಟರಿ ಸೇರಿರುವುದೇ ಇಲ್ಲ. ಅದರ ಮೇಲೆ ಗ್ಯಾಸ್ ಸಿಲಿಂಡರ್ ತುಂಬಿಸಿ, ಹಾಸಿಗೆ ಕೆಳಗಿನ ಗೂಡಿನಲ್ಲಿ ಕುಕ್ಕರ್, ದೋಸೆ ಕಾವಲಿ, ಇಪ್ಪತ್ತು ಪೌಂಡಿನ ಸೋನಾ ಮಸೂರಿ ಮೂಟೆ ಎಲ್ಲ ತುರುಕಿದ ಮೇಲಿನ ಕಥೆ ಬೇರೆ. ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ದೊಡ್ಡ ತೂಕದ ಕಟ್ಟೆ ಇರುತ್ತದೆ, ಸ್ವಲ್ಪ ದುಡ್ಡು ಕೊಟ್ಟರೆ ಚೀಟಿ ಕೊಡುತ್ತಾರೆ. ಟ್ರೈಲರ್ ಕಟ್ಟಿಕೊಂಡು ಒಂದು ಸಲ ತೂಗಿಸಿ, ಟ್ರೈಲರ್ ಬಿಚ್ಚಿ ಬರೀ ಟ್ರಕ್ ಇನ್ನೊಂದು ಸಲ ತೂಗಿಸಿ. ಎರಡರಲ್ಲೂ ಟ್ರಕ್ಕಿನ ಮುಂದಿನ ಮತ್ತು ಹಿಂದಿನ ಚಕ್ರಗಳ ತೂಕ ಕೂಡಿ, ಒಂದರಿಂದ ಇನ್ನೊಂದು ಕಳೆದರೆ ಬರುವುದೇ ಮುಂಭಾರ. ಟ್ರೈಲರ್ ಜೊತೆ ತೂಗುವಾಗ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ಚಿನ ಸ್ಪ್ರಿಂಗ್ ಬಾರ್ (ಅದೇನು ಅಂತ ಮುಂದೆ ಹೇಳುತ್ತೇನೆ) ಬಿಚ್ಚಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ನಮ್ಮದು ಸಾಮಾನು ಸಮೇತ 6200 ಪೌಂಡ್, ಮುಂಭಾರ 780. ಒಟ್ಟಿನ ಹನ್ನೆರಡೂವರೆ ಪರ್ಸೆಂಟ್ ಆಯಿತು, ಸರಿಯಾಗೇ ಇದೆ.

ಹಾಗಾದರೆ 780 ಪೌಂಡಿಗೆ 1000 ಪೌಂಡಿನ ಜಾಕ್ ಸಾಕಲ್ವಾ? ಸಾಲದು. ಹೊಸಬರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ದೊಡ್ಡ ಟ್ರೈಲರ್ ಎಳೆಯುವವರು ಬಹುಪಾಲು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿರುತ್ತಾರೆ. ಅದರಲ್ಲಿ ಎರಡು ಗಟ್ಟಿ ಸ್ಪ್ರಿಂಗ್ ಬಾರ್‌ಗಳು ಟ್ರಕ್ಕಿನ ಕಡೆಯಿಂದ ಬಂದು ಟ್ರೈಲರಿನ ಮೂಕಿಯ ಎರಡು ಬದಿಗೆ ಬಿಗಿಯುತ್ತವೆ. ಮುಂಭಾರದಲ್ಲಿ ಒಂದಿಷ್ಟನ್ನು ಟ್ರಕ್ಕಿನ ಮುಂದಿನ ಚಕ್ರಕ್ಕೂ ಟ್ರೈಲರಿನ ಚಕ್ರಕ್ಕೂ ಹಂಚುವುದು ಅವುಗಳ ಕೆಲಸ. ಆ ಬಾರ್‌ಗಳನ್ನು ಬರೀ ಕೈಯಲ್ಲಿ ಬಗ್ಗಿಸಿ ಕೊಕ್ಕೆಗೆ ಹಾಕುವುದು ಬಹಳ ಕಷ್ಟ, ಕೈ ಜಾರಿದರೆ ಮೂಳೆ ಮುರಿಯುತ್ತದೆ. ಅದಕ್ಕೆ ಎಲ್ಲರೂ ಮಾಡುವ ಉಪಾಯ ಒಂದೇ. ಕಪ್ಲರ್, ಅಂದರೆ ಮೂಕಿಯ ತುದಿಯಲ್ಲಿ ಬಾಲನ್ನು ಕಚ್ಚಿಕೊಳ್ಳುವ ಬಟ್ಟಲು, ಬಾಲಿನ ಮೇಲೆ ಕೂತು ಲಾಕ್ ಆದಮೇಲೆ ಜಾಕನ್ನು ಮತ್ತೆ ಮೇಲಕ್ಕೆ ಓಡಿಸುವುದು. ಆಗ ಮೂಕಿಯ ಜೊತೆಗೆ ಟ್ರಕ್ಕಿನ ಹಿಂಭಾಗವೂ ಮೇಲೇಳುತ್ತದೆ, ಬಾರ್‌ಗಳು ಸಡಿಲವಾಗುತ್ತವೆ, ಮಗುವಿನ ಕೈಯಲ್ಲೂ ಹಾಕಬಹುದು ಅನ್ನುವಷ್ಟು ಹಗುರವಾಗುತ್ತದೆ. ಈಗ ಜಾಕ್ ಮೇಲೆ ಎಷ್ಟು ಭಾರ ಇದೆ ಯೋಚಿಸಿ. ಟ್ರೈಲರ್ ಕಟ್ಟುವ ಮೊದಲು ಟ್ರಕ್ಕಿನ ಹಿಂಭಾಗ ಎಷ್ಟು ಎತ್ತರ ಇತ್ತೋ ಅಷ್ಟು ಎತ್ತರಕ್ಕೆ ಬಂದಾಗ ಮುಂಭಾರ ಪೂರ್ತಿ ಜಾಕ್ ಮೇಲೆ ಬಂದಿದೆ. ಅಲ್ಲಿಂದ ಮೇಲೆ ಹೋಗುವ ಒಂದೊಂದು ಇಂಚಿಗೂ ಟ್ರಕ್ಕಿನ ಸ್ವಂತ ಭಾರ ಅದರ ಸ್ಪ್ರಿಂಗಿನಿಂದ ಕಳಚಿ ನಿಮ್ಮ ಜಾಕ್ ಹೆಗಲಿಗೆ ಬರುತ್ತದೆ. ಮೂರ್ನಾಲ್ಕು ಇಂಚು ಎತ್ತುವಷ್ಟರಲ್ಲಿ ಮುಂಭಾರದ ಎರಡರಷ್ಟಾದರೆ ಆಶ್ಚರ್ಯವಿಲ್ಲ.

ಹೀಗಾಗಿ ನಮ್ಮ ಅಳತೆಯ ಟ್ರೈಲರ್‌ಗಳಿಗೆ ಸಾಮಾನ್ಯವಾಗಿ 3500 ಪೌಂಡಿನ ಜಾಕ್ ಹಾಕುತ್ತಾರೆ. ನೋಡುವುದಕ್ಕೆ ಅತಿ ಅನ್ನಿಸಬಹುದು, ಆದರೆ ಅರ್ಧ ಶಕ್ತಿಯಲ್ಲಿ ಕೆಲಸ ಮಾಡುವ ಮೋಟಾರು ಬಿಸಿಯಾಗುವುದಿಲ್ಲ, ಕರೆಂಟೂ ಕಡಿಮೆ ಕುಡಿಯುತ್ತದೆ, ಗೇರುಗಳೂ ಹೆಚ್ಚು ಕಾಲ ಬಾಳುತ್ತವೆ. ಪುಟ್ಟ ಟ್ರೈಲರ್, ಮುಂಭಾರ ಮುನ್ನೂರು ಪೌಂಡ್, ಸಾದಾ ಹಿಚ್ ಅಂದರೆ 2000 ಪೌಂಡಿನದು ಧಾರಾಳ. 5000 ಪೌಂಡಿನದಕ್ಕೆ ದುಡ್ಡು ಸುರಿಯುವ ಅಗತ್ಯ ನಮ್ಮಂಥ ಹೆಚ್ಚಿನವರಿಗಿಲ್ಲ. ಅಂದಹಾಗೆ ಫಿಫ್ತ್ ವೀಲ್, ಅಂದರೆ ಪಿಕಪ್ಪಿನ ಹಿಂದಿನ ತೊಟ್ಟಿಯೊಳಗೇ ಕೂರಿಸಿ ಎಳೆಯುವ ಟ್ರೈಲರ್, ಇರುವವರು ಇಷ್ಟಕ್ಕೇ ಓದು ನಿಲ್ಲಿಸಬಹುದು, ಅದಕ್ಕೆ ಮುಂದೆ ಎರಡು ಕಾಲಿನ ಬೇರೆಯದೇ ವ್ಯವಸ್ಥೆ ಇರುತ್ತದೆ.

ಭಾರ ಆಯಿತು. ಇನ್ನು ಅಳತೆ. ಮೂಕಿ ಇಂಗ್ಲಿಷಿನ ಎ ಅಕ್ಷರದ ಹಾಗಿರುತ್ತದೆ, ಅದರ ತುದಿಯ ಹತ್ತಿರ ಒಂದು ದಪ್ಪ ಪ್ಲೇಟು, ಅದರ ನಡುವೆ ಜಾಕ್ ಕೊಳವೆ ತೂರುವ ತೂತು, ಸುತ್ತ ತ್ರಿಕೋನದಲ್ಲಿ ಮೂರು ಬೋಲ್ಟಿನ ತೂತು. ಜಾಕಿನ ಕೊಳವೆ ಎರಡು ಇಂಚಿನದೋ ಎರಡೂಕಾಲು ಇಂಚಿನದೋ ಇರುತ್ತದೆ. ನಿಮ್ಮ ತೂತನ್ನು ಟೇಪ್ ಹಿಡಿದು ಅಳೆದು ನೋಡಿ, ಇದಕ್ಕೆ ಎರಡು ನಿಮಿಷ ಸಾಕು, ವಾಪಸ್ ಕಳಿಸುವುದಕ್ಕೆ ಎರಡು ವಾರ ಬೇಕು. ಆಮೇಲೆ ಓಟ, ಅಂದರೆ ಒಳಗಿನ ಕೊಳವೆ ಎಷ್ಟು ಉದ್ದ ಹೊರಬರುತ್ತದೆ ಅನ್ನುವುದು. 18 ಇಂಚು ಸಾಮಾನ್ಯ. ಕೆಲವಕ್ಕೆ ಕೆಳಗೆ ಪಿನ್ ಹಾಕಿ ಜಾರಿಸುವ ಇನ್ನೊಂದು ಕಾಲು ಇರುತ್ತದೆ, ಅದು ಬಹಳ ಉಪಯೋಗ, ಏಕೆಂದರೆ ಮೋಟಾರು ಓಡುವ ಮೊದಲೇ ಪಾದವನ್ನು ಕೈಯಲ್ಲಿ ನೆಲದ ಹತ್ತಿರ ಇಳಿಸಿಬಿಡಬಹುದು. ಇಲ್ಲದಿದ್ದರೂ ಚಿಂತೆಯಿಲ್ಲ, ಪಾದದ ಕೆಳಗೆ ಅಗಲದ ಮರದ ತುಂಡು ಇಟ್ಟರೆ ಆಯಿತು. ಒದ್ದೆ ಮಣ್ಣಿನಲ್ಲಿ ಹೇಗೂ ಅದು ಬೇಕೇ ಬೇಕು.

ಮರೆಯಬಾರದ ಅಳತೆ ಇನ್ನೊಂದಿದೆ. ಕರೆಂಟ್ ಜಾಕಿಗೆ ತಲೆ ದೊಡ್ಡದು. ಮೋಟಾರು, ಗೇರು, ಸ್ವಿಚ್ಚು, ದೀಪ ಎಲ್ಲ ಆ ಡಬ್ಬದಲ್ಲೇ. ಟ್ರೈಲರ್ ಕಟ್ಟಿರುವಾಗ ಪಿಕಪ್ಪಿನ ಹಿಂದಿನ ಬಾಗಿಲು ಇಳಿಸಿದರೆ ಅದು ಸೀದಾ ಆ ತಲೆಗೆ ಬಡಿಯುವ ಸಾಧ್ಯತೆ ಇದೆ. ಬಾಗಿಲಿಗೂ ತಗ್ಗು, ಜಾಕಿಗೂ ಗೀರು. ಹಿಂದೆ ಗ್ಯಾಸ್ ಸಿಲಿಂಡರಿನ ಮುಚ್ಚಳಕ್ಕೂ ಜಾಗ ಬಿಡಬೇಕು. ಮೂರು ಬೋಲ್ಟು ಸಮ ತ್ರಿಕೋನದಲ್ಲಿ ಇರುವುದರಿಂದ ಜಾಕನ್ನು ಮೂರು ದಿಕ್ಕಿಗೆ ತಿರುಗಿಸಿ ಕೂರಿಸಬಹುದು, ಕೊಳ್ಳುವ ಮೊದಲೇ ಯಾವ ದಿಕ್ಕಿಗೆ ಮುಖ ಅಂತ ರಟ್ಟಿನ ಡಬ್ಬ ಇಟ್ಟು ನೋಡಿಕೊಳ್ಳಿ.

ಬ್ರ್ಯಾಂಡ್ ಕೇಳಿದರೆ ಲಿಪರ್ಟ್, ಹಸ್ಕಿ, ಬಾರ್ಕರ್ ಈ ಹೆಸರುಗಳು ಹೆಚ್ಚು ಕಿವಿಗೆ ಬೀಳುತ್ತವೆ. ಬೆಲೆ ಹೆಚ್ಚುಕಡಿಮೆ 150ರಿಂದ 400 ಡಾಲರ್ ನಡುವೆ. ಬ್ಲೂಟೂತ್, ನೀಲಿ ದೀಪ, ಇವಕ್ಕೆಲ್ಲ ಜಾಸ್ತಿ ದುಡ್ಡು ಕೊಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕತ್ತಲಲ್ಲಿ ಕಪ್ಲರ್ ಕಾಣುವಂಥ ಒಂದು ಬಿಳಿ ದೀಪ, ಮಳೆ ನೀರು ಒಳಗೆ ಹೋಗದ ಸ್ವಿಚ್ಚು, ಕರೆಂಟ್ ಕೈಕೊಟ್ಟಾಗ ಕೈಯಲ್ಲಿ ತಿರುಗಿಸುವ ಹ್ಯಾಂಡಲ್, ಈ ಮೂರು ಇರಲಿ.

"ಬ್ಯಾಟರಿ ಖಾಲಿ ಆಗಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಹಾಕೋಣ. ಭಾರ ಎತ್ತುವಾಗ ಜಾಕ್ 25 ಆಂಪ್ಸ್ ಎಳೆಯುತ್ತದೆ, ಎರಡು ನಿಮಿಷ ಓಡುತ್ತದೆ ಅಂತ ಇಟ್ಟುಕೊಳ್ಳಿ. 25ನ್ನು 2ರಿಂದ ಗುಣಿಸಿ 60ರಿಂದ ಭಾಗಿಸಿದರೆ ಒಂದು ಆಂಪ್-ಅವರ್ ಕೂಡ ಆಗಲಿಲ್ಲ. ಮೂಕಿಯ ಮೇಲೆ ಕೂತಿರುವ ಸಾದಾ ಬ್ಯಾಟರಿಯಲ್ಲಿ ಎಪ್ಪತ್ತು ಎಂಬತ್ತು ಆಂಪ್-ಅವರ್ ಇರುತ್ತದೆ. ರಾತ್ರಿಯಿಡೀ ಓಡುವ ಹೀಟರ್ ಫ್ಯಾನಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಬ್ಯಾಟರಿಯಲ್ಲಿ ಚಾರ್ಜ್ ಎಷ್ಟಿದೆ ಅನ್ನುವುದಕ್ಕಿಂತ ಆ 25 ಆಂಪ್ಸ್ ದಾರಿಯಲ್ಲಿ ಎಲ್ಲೂ ತಡೆಯಿಲ್ಲದೆ ಮೋಟಾರಿಗೆ ಹೋಗಿ ವಾಪಸ್ ಬರುತ್ತದಾ ಅನ್ನುವುದೇ ನೋಡಬೇಕಾದ್ದು. ಅದರ ಕಥೆ ಮುಂದೆ ಬರುತ್ತದೆ.

ಈಗ ಕೂರಿಸುವುದು. ಗಟ್ಟಿಯಾದ ಸಮ ನೆಲ ಹುಡುಕಿ. ಟ್ರೈಲರನ್ನು ಟ್ರಕ್ಕಿಗೆ ಕಟ್ಟಿಯೇ ಇಡಿ. ಜಾಕ್ ಬಿಚ್ಚಿದ ಮೇಲೆ ಮೂಕಿಯನ್ನು ಹಿಡಿಯುವುದು ಯಾರು? ಟ್ರಕ್ಕೇ ಹಿಡಿದಿರಲಿ. ಕಪ್ಲರ್ ಲಾಕ್ ಆಗಿರಬೇಕು, ಟ್ರಕ್ಕಿನ ಹ್ಯಾಂಡ್ ಬ್ರೇಕ್ ಎಳೆದಿರಬೇಕು, ಟ್ರೈಲರಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಟ್ಟಿರಬೇಕು. ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ. ಟ್ರಕ್ಕಿನ ಕಡೆಯ ಏಳು ಪಿನ್ನಿನ ಪ್ಲಗ್ ಕಿತ್ತಿಡಿ, ಅದರಲ್ಲೂ ಟ್ರಕ್ಕಿನಿಂದ ಕರೆಂಟ್ ಬರುತ್ತಿರುತ್ತದೆ. ಮನೆಯ ಕರೆಂಟಿಗೆ ಹಾಕಿದ್ದರೆ ಅದನ್ನೂ ಕಿತ್ತಿಡಿ. ಆಮೇಲೆ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ.

ಒಂದು ನಿಮಿಷ, ಯಾವುದು ಮೈನಸ್? ಕಾರಿನಲ್ಲಿ ಕೆಂಪು ಪ್ಲಸ್, ಕಪ್ಪು ಮೈನಸ್. ಟ್ರೈಲರಿನಲ್ಲಿ ಸಾಮಾನ್ಯವಾಗಿ ಕಪ್ಪು ಪ್ಲಸ್, ಬಿಳಿ ಮೈನಸ್! ಕಪ್ಪು ಕಂಡ ಕೂಡಲೇ ಮೈನಸ್ ಅಂತ ಕೈ ತಾನಾಗೇ ಹೋಗುತ್ತದೆ. ಉಲ್ಟಾ ಜೋಡಿಸಿದರೆ ಪಟ್ ಅಂತ ಒಳಗಿನ ಕನ್ವರ್ಟರಿನ (ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಡಬ್ಬ) ಫ್ಯೂಸುಗಳು ಹಾರುತ್ತವೆ, ಅದೃಷ್ಟ ಕೆಟ್ಟಿದ್ದರೆ ಇನ್ನೂ ಏನೇನೋ. ಬಣ್ಣ ನೋಡಿ ನಿರ್ಧರಿಸಬೇಡಿ, ಬ್ಯಾಟರಿಯ ಮೇಲಿನ ಗುರುತು ನೋಡಿ, ಮಲ್ಟಿಮೀಟರ್ ಇಟ್ಟು ನೋಡಿ, ಬಿಚ್ಚುವ ಮೊದಲು ಒಂದು ಫೋಟೋ ತೆಗೆದುಕೊಳ್ಳಿ.

ಹಳೇ ಜಾಕನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಪಿನ್ ಎಳೆದು ಪಾದ ತೆಗೆಯಿರಿ, ಪಾದ ಇದ್ದರೆ ಕೊಳವೆ ತೂತಿನಿಂದ ಮೇಲೆ ಬರುವುದಿಲ್ಲ. ಮೂರು ಬೋಲ್ಟು ಸಾಮಾನ್ಯವಾಗಿ 3/8 ಇಂಚಿನವು, 9/16ರ ಸ್ಪ್ಯಾನರ್ ಸಾಕು. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಕೆಲವು ಟ್ರೈಲರಿನಲ್ಲಿ ಜಾಕನ್ನು ಪ್ಲೇಟಿಗೆ ವೆಲ್ಡ್ ಮಾಡಿಬಿಟ್ಟಿರುತ್ತಾರೆ, ಅಂಥದ್ದಾದರೆ ಗ್ರೈಂಡರ್ ಕೆಲಸ, ಗ್ಯಾಸ್ ಸಿಲಿಂಡರನ್ನೂ ಬ್ಯಾಟರಿಯನ್ನೂ ದೂರ ಒಯ್ದಿಟ್ಟು ಮಾಡಬೇಕಾದ್ದು, ಅಭ್ಯಾಸ ಇಲ್ಲದವರು ಬೇರೆಯವರಿಗೆ ಬಿಡುವುದೇ ಒಳ್ಳೆಯದು. ಹೊಸದನ್ನು ಪಾದ ಇಲ್ಲದೆ ಮೇಲಿನಿಂದ ಇಳಿಸಿ, ಮುಖ ತಿರುಗಿಸಿ, ಬೋಲ್ಟು ಹಾಕಿ. ಇನ್ನೂ ಬಿಗಿಯಬೇಡಿ.

ಯಾಕೆ ಅಂದರೆ ಅರ್ಥಿಂಗ್. ಇಲ್ಲಿಯವರು ಗ್ರೌಂಡ್ ಅನ್ನುವುದು ಅದನ್ನೇ. ಬಹಳಷ್ಟು ಜಾಕುಗಳಿಗೆ ಹೊರಗೆ ಕಾಣುವುದು ಒಂದೇ ವೈರ್, ಪ್ಲಸ್ಸಿನದು. ಮೈನಸ್ ಎಲ್ಲಿ? ಜಾಕಿನ ಕಬ್ಬಿಣದ ಮೈಯೇ ಮೈನಸ್. ಕರೆಂಟು ಬ್ಯಾಟರಿಯಿಂದ ವೈರಿನಲ್ಲಿ ಮೋಟಾರಿಗೆ ಬರುತ್ತದೆ, ಅಲ್ಲಿಂದ ಜಾಕಿನ ಮೈಗೆ, ಆ ಮೂರು ಬೋಲ್ಟಿನ ಮೂಲಕ ಟ್ರೈಲರಿನ ಫ್ರೇಮಿಗೆ, ಫ್ರೇಮಿನಿಂದ ಬಿಳಿ ವೈರಿನಲ್ಲಿ ಬ್ಯಾಟರಿಯ ಮೈನಸ್ಸಿಗೆ. ಆದರೆ ಜಾಕಿಗೂ ಪೇಂಟ್ ಹೊಡೆದಿದೆ, ಫ್ರೇಮಿಗೂ ಪೇಂಟ್ ಹೊಡೆದಿದೆ. ಪೇಂಟಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಬೋಲ್ಟಿನ ತೂತಿನ ಸುತ್ತ, ಎರಡೂ ಕಡೆ, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಬಿಳಿ ಲೋಹ ಕಾಣುವ ಹಾಗೆ ಮಾಡಿ. ಹಲ್ಲಿರುವ ಸ್ಟಾರ್ ವಾಷರ್ ಹಾಕಿ, ಅದರ ಹಲ್ಲು ಲೋಹಕ್ಕೆ ಕಚ್ಚುತ್ತದೆ. ಈಗ ಬಿಗಿಯಾಗಿ ತಿರುಗಿಸಿ, ಮೇಲೆ ತುಕ್ಕು ಹಿಡಿಯದ ಹಾಗೆ ಗ್ರೀಸ್ ಸವರಿ. ಪ್ರತ್ಯೇಕ ಮೈನಸ್ ವೈರ್ ಕೊಟ್ಟಿರುವ ಜಾಕ್ ಸಿಕ್ಕರೆ ಪುಣ್ಯ. ಸಿಗದಿದ್ದರೆ, ಜಾಕಿನ ಒಂದು ಬೋಲ್ಟಿನಿಂದ ಬ್ಯಾಟರಿ ಮೈನಸ್ಸಿಗೆ ನೀವೇ ಒಂದು ದಪ್ಪ ವೈರ್ ಎಳೆಯಬಹುದು, ನಾನು ಕೊನೆಗೆ ಮಾಡಿದ್ದು ಅದನ್ನೇ.

ಕೊನೆಗೆ ಅಂದೆ, ಯಾಕೆಂದರೆ ಮೊದಲು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಜಾಕ್ ಕೂರಿಸಿದೆ, ಭಾರವಿಲ್ಲದೆ ಓಡಿಸಿದೆ, ಮೇಲೆ ಕೆಳಗೆ ಚೆನ್ನಾಗಿ ಓಡಿತು. ಭಾರ ಕೊಟ್ಟ ಕೂಡಲೇ ಒಂದಿಂಚು ಎದ್ದು ಗೊರ್ ಅಂತ ನಿಂತುಬಿಟ್ಟಿತು, ದೀಪ ಮಂಕಾಯಿತು. ಬ್ಯಾಟರಿ ನೋಡಿದೆ, 12.6 ವೋಲ್ಟ್, ತುಂಬಿದೆ. ಜಾಕೇ ಕೆಟ್ಟದ್ದು ಅಂತ ವಾಪಸ್ ಕಳಿಸಲು ಡಬ್ಬ ಕೂಡ ಹುಡುಕಿಟ್ಟಿದ್ದೆ. ಆಮೇಲೆ ಗೊತ್ತಾಯಿತು, ಜಾಕ್ ಬೋಲ್ಟಿನ ಹತ್ತಿರ ಎಲ್ಲ ಸರಿಯಾಗೇ ಉಜ್ಜಿದ್ದೆ, ಆದರೆ ಬ್ಯಾಟರಿಯ ಬಿಳಿ ವೈರ್ ಫ್ರೇಮಿಗೆ ಸೇರುವ ಜಾಗದಲ್ಲಿ ಒಂದು ಪುಟ್ಟ ಸ್ಕ್ರೂ, ಚಳಿಗಾಲದ ರಸ್ತೆ ಉಪ್ಪು ತಿಂದು ಅದು ಕಂದು ಪುಡಿಯಾಗಿತ್ತು. ಎರಡು ದೀಪ ಉರಿಸುವುದಕ್ಕೆ ಆ ಸ್ಕ್ರೂ ಸಾಕು, 25 ಆಂಪ್ಸ್ ಸಾಗಿಸುವುದಕ್ಕೆ ಸಾಲದು. ಭಾರವಿಲ್ಲದಾಗ ಓಡಿ ಭಾರ ಬಂದಾಗ ನಿಂತರೆ, ಹತ್ತರಲ್ಲಿ ಎಂಟು ಸಲ ಮೋಟಾರಿನ ತಪ್ಪಿರುವುದಿಲ್ಲ ಅಂತ ನನಗೆ ಈಗ ಅನ್ನಿಸುತ್ತದೆ.

ಇದನ್ನು ಹಿಡಿಯುವುದು ಸುಲಭ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದನ್ನು ಜಾಕಿನ ಪೇಂಟಿಲ್ಲದ ಬೋಲ್ಟಿನ ಮೇಲೆ ಇಟ್ಟು, ಭಾರದಲ್ಲಿ ಜಾಕ್ ಓಡಿಸಿ. ದಾರಿ ಸರಿಯಾಗಿದ್ದರೆ ಮೀಟರ್ ಸೊನ್ನೆಯ ಹತ್ತಿರವೇ ಇರುತ್ತದೆ. ಅರ್ಧ ವೋಲ್ಟ್ ದಾಟಿದರೆ ವಾಪಸ್ ದಾರಿಯಲ್ಲಿ ಎಲ್ಲೋ ತುಕ್ಕು ಕೂತಿದೆ ಅಂತ. ನನಗೆ ಮೂರು ವೋಲ್ಟ್ ತೋರಿಸಿತ್ತು! ಓಡುತ್ತಿರುವಾಗಲೇ ನೋಡಬೇಕು ಅನ್ನುವುದು ಮುಖ್ಯ, ನಿಂತಿರುವಾಗ ಎಲ್ಲವೂ ಚೆನ್ನಾಗೇ ಕಾಣುತ್ತದೆ.

ಪ್ಲಸ್ ಕಡೆ ಕೆಲಸ ಕಡಿಮೆ. ಜಾಕಿನ ವೈರನ್ನು 30 ಆಂಪ್ಸಿನ ಫ್ಯೂಸ್ ಮೂಲಕ ಬ್ಯಾಟರಿಯ ಪ್ಲಸ್ಸಿಗೆ ಜೋಡಿಸಿ, ನಿಮ್ಮ ಜಾಕಿನ ಪುಸ್ತಕ ಬೇರೆ ಹೇಳಿದ್ದರೆ ಅದರಂತೆ. ಫ್ಯೂಸ್ ಬ್ಯಾಟರಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಅದು ಇರುವುದೇ ವೈರಿನ ಸಲುವಾಗಿ, ಎಲ್ಲೋ ತೊಗಟೆ ಸವೆದು ಫ್ರೇಮಿಗೆ ತಾಗಿದರೆ ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ ವೈರ್ ಕೆಂಪಗೆ ಕಾಯಬಾರದು ಅಂತ. ವೈರ್ ಉದ್ದ ಮಾಡಬೇಕಿದ್ದರೆ 10 ಗೇಜಿನದು ಹಾಕಿ, ಅಂಕೆ ಕಡಿಮೆಯಾದಷ್ಟೂ ವೈರ್ ದಪ್ಪ. ಬ್ಯಾಟರಿ ಆಫ್ ಮಾಡುವ ಸ್ವಿಚ್ ಇದ್ದರೆ ಅದರ ಮೊದಲೋ ಆಮೇಲೋ ಅನ್ನುವುದು ನಿಮ್ಮಿಷ್ಟ. ಮೊದಲು ಜೋಡಿಸಿದರೆ ಸ್ವಿಚ್ ಆಫ್ ಇದ್ದಾಗಲೂ ಜಾಕ್ ಓಡುತ್ತದೆ, ನಾನು ಹಾಗೇ ಇಟ್ಟಿದ್ದೇನೆ.

ಅಲ್ಲೇ ಹತ್ತಿರ ಬ್ರೇಕ್‌ಅವೇ ಸ್ವಿಚ್ಚಿನ ವೈರುಗಳಿರುತ್ತವೆ. ದಾರಿಯಲ್ಲಿ ಟ್ರೈಲರ್ ಕಳಚಿಕೊಂಡರೆ ಒಂದು ತಂತಿ ಪಿನ್ ಎಳೆದು ಟ್ರೈಲರಿನ ಬ್ರೇಕ್ ತಾನಾಗೇ ಹಿಡಿಯುವ ವ್ಯವಸ್ಥೆ ಅದು. ಅದರ ವೈರ್ ನೇರ ಬ್ಯಾಟರಿಯಲ್ಲೇ ಇರಬೇಕು, ಜಾಗ ಸಾಲದು ಅಂತ ಅದನ್ನು ಕಿತ್ತು ಜಾಕಿನದ್ದು ಹಾಕಬೇಡಿ. ಎಲ್ಲ ಮುಗಿದ ಮೇಲೆ ಪಿನ್ ಒಂದು ಸಲ ಎಳೆದು ಬ್ರೇಕ್ ಹಿಡಿಯುತ್ತದಾ ನೋಡಿ, ಕೂಡಲೇ ವಾಪಸ್ ಹಾಕಿಬಿಡಿ.

ಬಳಸುವಾಗ ಎರಡು ಮಾತು. ಎಡ-ಬಲ ಸಮ ಮಾಡುವುದು ಜಾಕಿನ ಕೆಲಸವಲ್ಲ. ಮೊದಲು ಚಕ್ರದ ಕೆಳಗೆ ಹಲಗೆ ಕೊಟ್ಟು ಎಡ-ಬಲ ಸರಿ ಮಾಡಿ, ಚಕ್ರಕ್ಕೆ ಅಡ್ಡ ಇಟ್ಟು, ಆಮೇಲೆ ಬಿಚ್ಚಿ, ಆಮೇಲೆ ಜಾಕಿನಲ್ಲಿ ಹಿಂದೆ-ಮುಂದೆ ಸರಿ ಮಾಡಿ. ಕಟ್ಟುವಾಗ ಕಪ್ಲರ್ ಲಾಕ್ ಆದ ಮೇಲೆ ಜಾಕ್ ಒಂದೆರಡು ಇಂಚು ಮೇಲಕ್ಕೆ ಓಡಿಸಿ, ಟ್ರಕ್ಕಿನ ಹಿಂಭಾಗ ಜೊತೆಗೇ ಎದ್ದರೆ ಲಾಕ್ ಕಚ್ಚಿದೆ, ಕಪ್ಲರ್ ಬಾಲಿನಿಂದ ಮೇಲೆ ಬಂದರೆ ಕಚ್ಚಿಲ್ಲ. ಹೊರಡುವ ಮೊದಲು ಪಾದ ಪೂರ್ತಿ ಮೇಲೆ ಹೋಗಿದೆಯಾ ಬಗ್ಗಿ ನೋಡಿ.

ಕೈಯಲ್ಲಿ ತಿರುಗಿಸುವ ಹ್ಯಾಂಡಲ್ ಡಬ್ಬದಲ್ಲಿ ಜೊತೆಗೇ ಬಂದಿರುತ್ತದೆ, ಜಾಕಿನ ತಲೆಯ ರಬ್ಬರ್ ಬಿರಡೆ ತೆಗೆದರೆ ಅದು ಕೂರುವ ಜಾಗ ಕಾಣುತ್ತದೆ. ಮನೆಯಲ್ಲೇ ಒಂದು ಸಲ ಹಾಕಿ ತಿರುಗಿಸಿ ನೋಡಿ. ಆಮೇಲೆ ಅದನ್ನು ಟ್ರಕ್ಕಿನ ಸೀಟಿನ ಕೆಳಗೆ ಇಡಿ. ನಾನು ಮೊದಲು ಟ್ರೈಲರಿನ ಹಾಸಿಗೆ ಕೆಳಗೆ, ಅಕ್ಕಿ ಮೂಟೆಯ ಹಿಂದೆ ಇಟ್ಟಿದ್ದೆ.